ಗಿನಿ ಕೋಳಿ ಸಂಜೆ ಗೂಡಿಗೆ ಬರಬೇಕೆ? ಹಂತ ಹಂತವಾಗಿ ಕಲಿಸಿ

ಗಿನಿ ಕೋಳಿ ಸಾಕುವುದು ಕಷ್ಟವಲ್ಲ. ಕಾಳು ಹಾಕಿದರೆ ತಿನ್ನುತ್ತದೆ, ಉಳಿದ ಹೊತ್ತು ಹೊಲದಲ್ಲಿ ಮಿಡತೆ, ಹುಳ, ಉಣ್ಣೆ ಹೆಕ್ಕುತ್ತದೆ. ಹಾವು ಕಂಡರೂ ಕೂಗು, ಹೊಸಬರು ಬಂದರೂ ಕೂಗು. ತೋಟದ ಮನೆಗೆ ನಾಯಿಗಿಂತ ಚುರುಕಾದ ಕಾವಲು ಅಂದರೂ ತಪ್ಪಿಲ್ಲ. ಕಷ್ಟ ಇರುವುದು ಹೊತ್ತು ಮುಳುಗುವಾಗ. ಜವಾರಿ ಕೋಳಿ ಕತ್ತಲಾಗುವ ಮುಂಚೆ ತಾನಾಗಿ ಬುಟ್ಟಿಯ ಹತ್ತಿರ ಬಂದು ನಿಲ್ಲುತ್ತದೆ. ಗಿನಿ ಕೋಳಿ ಬೇವಿನ ಮರ ಹತ್ತುತ್ತದೆ. ಆಫ್ರಿಕಾದ ಬಯಲಿನಿಂದ ಬಂದ ಜಾತಿ ಅದು, ರಾತ್ರಿ ಕೊಂಬೆಯ ಮೇಲೆ ಕಳೆಯುವುದು ಹುಟ್ಟುಗುಣ. ಅಲ್ಲಿ ಗೂಬೆಗೆ ಸಿಗುತ್ತದೆ, ನಸುಕಿನಲ್ಲಿ ಕೆಳಗಿಳಿದರೆ ನಾಯಿಗೋ ಕಾಡುಬೆಕ್ಕಿಗೋ ಸಿಗುತ್ತದೆ.

ಭಯಪಡಬೇಡಿ. ಗೂಡಿಗೆ ಬರುವುದನ್ನು ಕಲಿಸಬಹುದು. ಆದರೆ ಮರ ಹತ್ತಿದ ಮೇಲೆ ಕಲಿಸಲು ಹೋದರೆ ಆಗುವುದಿಲ್ಲ. ಮರಿ ಮನೆಗೆ ಬಂದ ದಿನವೇ ಪಾಠ ಶುರುವಾಗಬೇಕು.

ಹಂತ 1: ಅಕ್ಕಪಕ್ಕದವರನ್ನು ಕೇಳಿ

ಗೂಡು ಕಟ್ಟುವ ಮುಂಚೆ ಇದೊಂದು ಕೆಲಸ ಮುಗಿಸಿ. ಗೋಡೆಗೆ ಗೋಡೆ ಹತ್ತಿದ ಓಣಿಯಲ್ಲಿ ಗಿನಿ ಕೋಳಿ ಜಗಳಕ್ಕೆ ದಾರಿ. ಅದರ ಕೂಗು ಅಷ್ಟು ಜೋರು. ಊರ ಹೊರಗೆ ಹೊಲದ ಮನೆಯೋ ದೊಡ್ಡ ಹಿತ್ತಲೋ ಇದ್ದವರಿಗೆ ತೊಂದರೆ ಕಡಿಮೆ.

ಹಂತ 2: ಮರಿ ತನ್ನಿ, ದೊಡ್ಡ ಕೋಳಿ ಬೇಡ

ಹೊಸಬರು ಮೊದಲು ಎಡವುವುದು ಇಲ್ಲೇ. ಸಂತೆಯಲ್ಲಿ ಬೆಳೆದ ಜೋಡಿ ಚೆಂದ ಕಾಣುತ್ತದೆ. ತಂದು ಬಿಟ್ಟರೆ ಸಂಜೆಯೊಳಗೆ ನಾಪತ್ತೆ. ಬೇರೆ ಕಡೆ ಬೆಳೆದ ಕೋಳಿಗೆ ನಿಮ್ಮ ಗೂಡು ಮನೆಯಲ್ಲ. ಒಂದು ದಿನದಿಂದ ಎರಡು ವಾರದೊಳಗಿನ ಮರಿ ಕೊಳ್ಳಿ. ಹತ್ತು ಹನ್ನೆರಡಾದರೂ ಇರಲಿ. ಇದು ಹಿಂಡಿನ ಹಕ್ಕಿ, ಒಂಟಿಯಾದರೆ ಕೂಗಿ ಕೂಗಿ ಅಲೆಯುತ್ತದೆ.

ಬರೇಲಿ ಹತ್ತಿರ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂಬ ಮೂರು ತಳಿಗಳನ್ನು ಕೊಟ್ಟಿದೆ. ನಮ್ಮ ಕಡೆ ಸಿಗುವ ಮರಿಗೆ ಯಾವ ತಳಿಯ ಹೆಸರೂ ಇರಲಿಕ್ಕಿಲ್ಲ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಸಾಕುವ ರೀತಿ ಒಂದೇ. ಮರಿ ಕಣ್ಣು ಅಗಲ ತೆರೆದು, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತು ಓಡಾಡುತ್ತಿದ್ದರೆ ಸಾಕು.

ಗಿನಿ ಕೋಳಿ ಮೊಟ್ಟೆಯಿಡುವುದು ಬೇಸಿಗೆ ಮತ್ತು ಮಳೆಗಾಲದಲ್ಲಿ, ಹಾಗಾಗಿ ಮರಿ ಸಿಗುವುದೂ ಆಗಲೇ. ಧಾರವಾಡ ಜಿಲ್ಲೆಗೆ ಶ್ರಾವಣದ ಹೊತ್ತು ಒಳ್ಳೆಯದು ಎಂಬುದು ನನ್ನ ಲೆಕ್ಕ. ಆಗ ತಂದ ಮರಿ ಹೊರಗೆ ಬಿಡುವಷ್ಟು ದೊಡ್ಡದಾಗುವಾಗ ದೀಪಾವಳಿ ಕಳೆದಿರುತ್ತದೆ. ಮಳೆ ನಿಂತಿರುತ್ತದೆ, ಹಿಂಗಾರಿ ಕಡಲೆ, ಜೋಳ ಮೊಳೆತು ಮೇಲೆದ್ದಿರುತ್ತವೆ.

ಹಂತ 3: ಬೆಚ್ಚಗಿನ ಜಾಗ ಮಾಡಿ

ಅಗಲವಾದ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಮೇಲೆ ಬಲ್ಬು ಇಳಿಬಿಡಿ. ಎಚ್ಚರಿಕೆ: ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ತಂತಿ ಕಾಯುವ ಹಳೆಯ ತರಹದ ಬಲ್ಬೇ ಬೇಕು. ಬಲ್ಬು ರಟ್ಟಿಗೂ ಹೊಟ್ಟಿಗೂ ತಾಗದಂತೆ ಗಟ್ಟಿಯಾಗಿ ಕಟ್ಟಿ.

ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಿ. ಥರ್ಮಾಮೀಟರ್ ಇಲ್ಲವೇ? ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಮುದ್ದೆಯಾಗಿದ್ದರೆ ಚಳಿ, ಬಲ್ಬು ಕೆಳಗಿಳಿಸಿ. ಮೂಲೆಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ, ಮೇಲೆತ್ತಿ. ಎಲ್ಲ ಕಡೆ ಹರಡಿಕೊಂಡು ಮಲಗಿದ್ದರೆ ನೀವೂ ಮಲಗಬಹುದು. ರಾತ್ರಿ ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗಿಡಿ, ಮೇಲೆ ಗೋಣಿ ತಟ್ಟು ಅರ್ಧ ಮುಚ್ಚಿ.

ಪೆಟ್ಟಿಗೆಯ ತಳಕ್ಕೆ ನ್ಯೂಸ್‌ಪೇಪರ್ ಹಾಸಬೇಡಿ. ಮರಿಯ ಕಾಲು ಜಾರಿ ಎರಡು ಕಡೆ ಹರಿದು ನಿಂತುಬಿಡುತ್ತದೆ, ಆಮೇಲೆ ಸರಿಯಾಗುವುದು ಕಷ್ಟ. ಮೊದಲ ನಾಲ್ಕೈದು ದಿನ ಗೋಣಿ ತಟ್ಟು ಹಾಸಿ, ಆಮೇಲೆ ಒಣಗಿದ ಬತ್ತದ ಹೊಟ್ಟು. ಕಲಘಟಗಿ ಕಡೆಯ ಗಿರಣಿಗಳಲ್ಲಿ ಹೊಟ್ಟಿಗೆ ಬರವಿಲ್ಲ. ಒದ್ದೆಯಾದ ಹೊಟ್ಟನ್ನು ಅದೇ ದಿನ ತೆಗೆಯಿರಿ. ಈ ಮರಿಗಳಿಗೆ ತೇವ ಆಗಿಬರುವುದೇ ಇಲ್ಲ.

ಹಂತ 4: ನೀರು, ಆಹಾರ ಇಡಿ

ನೀರಿನ ತಟ್ಟೆ ಆಳವಿಲ್ಲದ್ದಿರಲಿ. ಅದರೊಳಗೆ ತೊಳೆದ ಸಣ್ಣ ಕಲ್ಲು ತುಂಬಿ, ಕಲ್ಲಿನ ಸಂದಿಯಲ್ಲಿ ಮಾತ್ರ ನೀರು ಕಾಣಬೇಕು. ಇಲ್ಲದಿದ್ದರೆ ಮರಿ ಅದರಲ್ಲೇ ಬಿದ್ದು ಸಾಯುತ್ತದೆ.

ಗಿನಿ ಮರಿಗೆ ಪ್ರೋಟೀನ್ ಶೇಕಡಾ 24ರ ಹತ್ತಿರ ಬೇಕು, ಮೊಟ್ಟೆ ಕೋಳಿಯ ಚಿಕ್ ಮ್ಯಾಶ್‌ನಲ್ಲಿ ಅಷ್ಟಿರುವುದಿಲ್ಲ. ಬ್ರಾಯ್ಲರ್ ಪ್ರೀ-ಸ್ಟಾರ್ಟರ್ ಕೊಡಿ, ಜೊತೆಗೆ ಬೇಯಿಸಿದ ಮೊಟ್ಟೆ ಸಣ್ಣಗೆ ಹಿಸುಕಿ ಹಾಕಿ. ಮೊದಲ ವಾರದಲ್ಲೇ ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ ಕೊಕ್ಕರೆ ರೋಗದ ಲಸಿಕೆ ಕೇಳಿ. ‘ಗಿನಿ ಕೋಳಿಗೆ ರೋಗ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅರ್ಧ ನಂಬಿ. ಜವಾರಿ ಕೋಳಿಗಿಂತ ಗಟ್ಟಿ ನಿಜ, ರೋಗವೇ ಬಾರದ ಹಕ್ಕಿಯಲ್ಲ.

ಹಂತ 5: ಒಂದು ಸದ್ದು ಆರಿಸಿ

ಇಡೀ ಪಾಠದ ಬೇರು ಇದು. ಹಳೆಯ ಡಬ್ಬಿಯನ್ನು ಕೋಲಿನಿಂದ ಬಡಿಯಿರಿ, ಸೀಟಿ ಊದಿರಿ, ‘ಬಾ ಬಾ ಬಾ’ ಎನ್ನಿರಿ. ಯಾವುದಾದರೂ ಸರಿ, ಒಂದೇ ಇರಲಿ. ಮರಿ ಪೆಟ್ಟಿಗೆಯಲ್ಲಿರುವಾಗಲೇ ಆಹಾರ ಹಾಕುವ ಪ್ರತಿ ಸಲ ಆ ಸದ್ದು ಮಾಡಿ. ಎರಡನೆಯ ವಾರದಿಂದ ಸಂಜೆಯ ಸದ್ದಿಗೆ ಮಾತ್ರ ಒಂದು ಚಿಟಿಕೆ ನವಣೆ ಸೇರಿಸಿ, ಬೆಳೆದಂತೆ ಒಂದು ಹಿಡಿ. ಸಾವೆಯೂ ಆದೀತು. ಬೇರೆ ಯಾವ ಹೊತ್ತಿನಲ್ಲೂ, ಬೇರೆ ಯಾವ ಜಾಗದಲ್ಲೂ ನವಣೆ ಹಾಕಬೇಡಿ. ಮನೆಯ ಮಕ್ಕಳು ಆಟಕ್ಕೆ ಡಬ್ಬಿ ಬಡಿಯದಂತೆ ನೋಡಿಕೊಳ್ಳಿ; ಸದ್ದಾಯಿತು, ಕಾಳು ಸಿಗಲಿಲ್ಲ ಎಂದರೆ ಹಕ್ಕಿ ಸದ್ದನ್ನು ನಂಬುವುದಿಲ್ಲ.

ಹಂತ 6: ಗೂಡು ಕಟ್ಟಿ

ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಲ್ಲಿ ನೆಲಕ್ಕೆ ಸಮನಾಗಿ ಗೂಡು ಕಟ್ಟಿದರೆ ಮೊದಲ ಮಳೆಗೇ ಕೆಸರು. ಗರಸು ಹಾಕಿ, ದಮ್ಮಸು ಮಾಡಿ ಒಂದೂವರೆ ಅಡಿ ಎತ್ತರಿಸಿ. ಒಂದು ಕೋಳಿಗೆ ಎರಡರಿಂದ ಮೂರು ಚದರ ಅಡಿ ಜಾಗವಿರಲಿ, ಎತ್ತರ ಆರು ಅಡಿ. ಮೂರು ಬದಿ ಗೋಡೆಯೋ ತಗಡೋ, ಹೊಲ ಕಾಣುವ ಬದಿಗೆ ಜಾಳಿಗೆ. ಜಾಳಿಗೆಯ ಕಣ್ಣು ಅರ್ಧ ಇಂಚು ಮೀರಬಾರದು, ಮುಂಗುಸಿ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ. ತಗಡಿನ ಮಾಡಿದ್ದರೆ ಅದರ ಮೇಲೆ ಕಣಿಕೆ ಹರಡಿ. ಏಪ್ರಿಲ್ ಬಿಸಿಲಲ್ಲಿ ಬರೀ ತಗಡಿನ ಕೆಳಗೆ ಹಕ್ಕಿ ಬದುಕುವುದು ಕಷ್ಟ.

ಒಳಗೆ ಮೂರು ನಾಲ್ಕು ಅಡಿ ಎತ್ತರದಲ್ಲಿ ಅಡ್ಡಗಳ ಕಟ್ಟಿ. ಮರದ ಕೊಂಬೆಯ ಬದಲು ಇದೇ ಅವುಗಳ ಕೊಂಬೆ. ಗಳವಿಲ್ಲದ ಗೂಡಿಗೆ ಗಿನಿ ಕೋಳಿ ಮನಸ್ಸು ಮಾಡುವುದಿಲ್ಲ. ಬಾಗಿಲು ಅಗಲವಿರಲಿ: ಜವಾರಿ ಕೋಳಿ ನುಸುಳುವ ಗೇಣುದ್ದದ ಕಿಂಡಿ ಇದಕ್ಕಾಗದು. ಕತ್ತಲೆಯ ಗೂಡಿಗೂ ಇದು ಕಾಲಿಡುವುದಿಲ್ಲ. ಒಳಗೊಂದು ಸಣ್ಣ ಬಲ್ಬು ಹಾಕಿ, ಇಲ್ಲಿ ಎಲ್‌ಇಡಿ ನಡೆಯುತ್ತದೆ. ಎಲ್ಲವೂ ಗಳ ಹತ್ತಿದ ಮೇಲೆ ಆರಿಸಿ.

ಹಂತ 7: ಕೂಡಿಹಾಕಿ, ಬಿಡಬೇಡಿ

ಆರು ವಾರಕ್ಕೆ ಮೈತುಂಬ ಗರಿ ಬಂದ ಮೇಲೆ ಮರಿಗಳನ್ನು ಗೂಡಿಗೆ ತನ್ನಿ. ಇನ್ನೂ ಆರರಿಂದ ಎಂಟು ವಾರ ಅಲ್ಲೇ ಇರಲಿ. ಇಲ್ಲಿ ನಿಮ್ಮ ತಾಳ್ಮೆಗೆ ಪರೀಕ್ಷೆ. ಜಾಳಿಗೆಯ ಉದ್ದಕ್ಕೂ ಅತ್ತಿತ್ತ ಓಡುತ್ತವೆ, ನೋಡಿದವರು ‘ಪಾಪ, ಬಿಡ್ರಿ’ ಎನ್ನುತ್ತಾರೆ. ಬಿಡಬೇಡಿ. ಹೊಲ ಎತ್ತ, ದನದ ಕೊಟ್ಟಿಗೆ ಎತ್ತ, ನೀವು ಬರುವ ದಾರಿ ಎತ್ತ ಎಂದು ಅವು ಜಾಳಿಗೆಯೊಳಗಿಂದಲೇ ಗುರುತು ಹಿಡಿಯುತ್ತಿರುತ್ತವೆ. ಪ್ರತಿ ಸಂಜೆ ಬಲ್ಬು ಹಾಕಿ, ಡಬ್ಬಿ ಬಡಿಯಿರಿ, ನವಣೆ ಹಾಕಿ. ಒಂದು ಸಂಜೆಯೂ ತಪ್ಪಬಾರದು. ಬಸ್ಸು ತಪ್ಪಿ ಹುಬ್ಬಳ್ಳಿಯಲ್ಲೇ ಉಳಿದರೆ ಮನೆಯವರು ಯಾರಾದರೂ ಮಾಡಲಿ.

ಈ ದಿನಗಳಲ್ಲಿ ಗಂಡು ಹೆಣ್ಣು ಗುರುತಿಸುವುದನ್ನೂ ಕಲಿಯಿರಿ. ಮೈಬಣ್ಣದಿಂದ ಗೊತ್ತಾಗುವುದಿಲ್ಲ, ಕಿವಿಗೊಡಬೇಕು. ಎರಡು ತುಂಡಾಗಿ ಕೂಗುವುದು ಹೆಣ್ಣು. ಗಂಡಿನದು ಒಂದೇ ತುಂಡಿನ ಕೂಗು. ಹೆಣ್ಣು ಗಾಬರಿಯಾದಾಗ ಒಂದೇ ತುಂಡಿನಲ್ಲೂ ಕೂಗುತ್ತದೆ, ಗಂಡು ಮಾತ್ರ ಎರಡು ತುಂಡು ಎಂದೂ ಕೂಗದು. ಹಾಗಾಗಿ ಎರಡು ತುಂಡು ಕೇಳುವವರೆಗೆ ತೀರ್ಮಾನ ಬೇಡ.

ಹಂತ 8: ಎರಡನ್ನು ಮಾತ್ರ ಬಿಡಿ

ಬೆಳಗಿನ ಆಹಾರ ಕಡಿಮೆ ಹಾಕಿ. ಹೊತ್ತು ಮುಳುಗಲು ಒಂದು ತಾಸು ಇರುವಾಗ ಎರಡು ಕೋಳಿಗಳನ್ನು ಹೊರಗೆ ಬಿಡಿ. ಉಳಿದವು ಒಳಗೇ ಇರಲಿ. ಹೊರಗಿನ ಎರಡಕ್ಕೂ ಹಸಿವು, ಒಳಗಿನ ಹಿಂಡು ಕೂಗುತ್ತಿದೆ. ಅವು ದೂರ ಹೋಗುವುದಿಲ್ಲ, ಜಾಳಿಗೆಯ ಸುತ್ತಲೇ ತಿರುಗುತ್ತವೆ. ಅರ್ಧ ತಾಸು ಬಿಟ್ಟು ಬಲ್ಬು ಹಾಕಿ, ಡಬ್ಬಿ ಬಡಿದು, ನವಣೆಯನ್ನು ಗೂಡಿನೊಳಗೆ ಚೆಲ್ಲಿ.

ಎರಡು ಮೂರು ಸಂಜೆ ಅವೇ ಎರಡು. ತಕರಾರಿಲ್ಲದೆ ಒಳಗೆ ಬಂದರೆ ನಾಲ್ಕು ಬಿಡಿ, ಆಮೇಲೆ ಆರು. ಎಲ್ಲವನ್ನೂ ಒಟ್ಟಿಗೆ ಬಿಡುವವರೆಗೆ ಎರಡು ವಾರವಾದರೂ ಆಗಲಿ. ನಡುವೆ ಒಂದು ದಿನ ಎಡವಟ್ಟಾದರೆ ಭಯಪಡಬೇಡಿ, ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಎರಡರಿಂದ ಶುರು ಮಾಡಿ.

ಹಂತ 9: ನಿಧಾನವಾಗಿ ಹೊಡೆದು ತನ್ನಿ

ಬಾಗಿಲ ತನಕ ಬಂದು ಒಳಗೆ ಹೋಗದೆ ಗೂಡು ಸುತ್ತುವ ಚಾಳಿ ಇವಕ್ಕಿದೆ. ಓಡಿಸಬೇಡಿ. ಓಡಿಸಿದರೆ ಹಾರುತ್ತವೆ, ಹಾರಿದರೆ ಮರ. ಎರಡು ಕೈಯಲ್ಲೂ ಉದ್ದನೆಯ ಕೋಲು ಹಿಡಿದು, ಅಗಲಕ್ಕೆ ಚಾಚಿ, ಹಿಂಡಿನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ನಡೆಯಿರಿ. ಬಲಕ್ಕೆ ಸರಿದರೆ ಬಲಗೈ ಕೋಲು ತುಸು ಮುಂದೆ. ಅವು ನಿಂತರೆ ನೀವೂ ನಿಲ್ಲಿ. ಮೊದಲನೆಯದು ಬಾಗಿಲು ದಾಟಿದರೆ ಉಳಿದವು ಸಾಲಾಗಿ ಹಿಂದೆ ಹೋಗುತ್ತವೆ.

ಹಂತ 10: ಮರ ಹತ್ತಿದ್ದನ್ನು ಇಳಿಸಿ

ಕೆಳಗಿನ ಕೊಂಬೆಯಲ್ಲಿದ್ದರೆ ಪೂರ್ತಿ ಕತ್ತಲಾಗಲಿ. ಕತ್ತಲಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣದು, ಸದ್ದಿಲ್ಲದೆ ಹತ್ತಿರ ಹೋಗಬಹುದು. ರೆಕ್ಕೆ ಸಮೇತ ಮೈಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯಿರಿ. ನಮ್ಮ ಕಡೆ ಕೋಳಿಯನ್ನು ಕಾಲು ಹಿಡಿದು ತಲೆಕೆಳಗು ನೇತಾಡಿಸುವ ರೂಢಿ ಇದೆಯಲ್ಲ, ಗಿನಿ ಕೋಳಿಗೆ ಅದನ್ನು ಮಾಡಲೇಬೇಡಿ. ಕಾಲು ಉಳುಕುತ್ತದೆ, ಮುರಿದೂ ಹೋಗುತ್ತದೆ. ತುದಿಯ ಕೊಂಬೆಯಲ್ಲಿದ್ದರೆ ಕಲ್ಲು ಹೊಡೆಯದೆ ಬಿಟ್ಟುಬಿಡಿ. ಬೆಳಗ್ಗೆ ಇಳಿದಾಗ ಡಬ್ಬಿ ಬಡಿದು ಒಳಗೆ ಕರೆದು, ಅದೊಂದನ್ನು ನಾಲ್ಕೈದು ದಿನ ಗೂಡಿನಲ್ಲೇ ಇಡಿ. ಗೂಡಿನ ಮಗ್ಗುಲಿಗೇ ಮರವಿದ್ದರೆ ಕೆಳಗಿನ ಕೊಂಬೆ ಸವರಿ.

ಹಂತ 11: ಔಷಧಿ ಹೊಡೆಯುವ ದಿನ ತಿಳಿದುಕೊಳ್ಳಿ

ಕುಂದಗೋಳ, ಅಣ್ಣಿಗೇರಿ, ನವಲಗುಂದದ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಕೀಟನಾಶಕ ಹೊಡೆಯುತ್ತಾರೆ. ವಿಷ ತಿಂದ ಹುಳ ನಿಧಾನವಾಗಿ ಹರಿದಾಡುತ್ತದೆ, ಗಿನಿ ಕೋಳಿಗೆ ಸುಲಭದ ತುತ್ತು. ಗೂಡಿನಿಂದ ಒಂದು ಫರ್ಲಾಂಗ್ ಸುತ್ತಿನ ಹೊಲದವರಿಗೆ ಮೊದಲೇ ಹೇಳಿಡಿ: ‘ಹೊಡೆಯೂ ಮುಂದ ಒಂದು ಮಾತು ಹೇಳ್ರಿ’. ಅವರು ಹೇಳಿದ ದಿನ ಮತ್ತು ಆಮೇಲೆ ಕೆಲವು ದಿನ ಬಾಗಿಲು ತೆರೆಯಬೇಡಿ. ಬಿತ್ತನೆಯ ವಾರವೂ ಹಾಗೆಯೇ. ಬಿತ್ತಿದ ಹೆಸರು, ಜೋಳದ ಸಾಲಿಗೆ ಹಿಂಡು ಬಿದ್ದರೆ ನೆರೆಯವರಿಗೆ ನಷ್ಟ, ಬೀಜಕ್ಕೆ ಔಷಧಿ ಲೇಪಿಸಿದ್ದರೆ ನಿಮ್ಮ ಕೋಳಿಗೆ ಕುತ್ತು.

ಹಂತ 12: ಮೊಟ್ಟೆಯ ಕಾಲದಲ್ಲಿ ಮಧ್ಯಾಹ್ನ ಬಿಡಿ

ಬೇಸಿಗೆಯಲ್ಲಿ ಹೆಣ್ಣುಗಳು ಮೊಟ್ಟೆಗೆ ಬಂದಾಗ ಗೂಡಿನ ಪಾಠ ಸಡಿಲವಾಗುತ್ತದೆ. ಬೇಲಿಯ ಬುಡದಲ್ಲೋ ಬಣವೆಯ ಹಿಂದೆಯೋ ಗುಟ್ಟಾಗಿ ಮೊಟ್ಟೆಯಿಟ್ಟು, ಕಾವಿಗೆ ಕೂತರೆ ರಾತ್ರಿಯೂ ಅಲ್ಲೇ ಉಳಿಯುತ್ತವೆ. ಹಗಲು ಏರಿ ಮಧ್ಯಾಹ್ನದವರೆಗೆ ಒಳಗೇ ಇಟ್ಟರೆ ಹೆಚ್ಚಿನವು ಗೂಡಿನಲ್ಲೇ ಇಡುತ್ತವೆ. ಮೊಟ್ಟೆ ತೆಗೆಯುವಾಗ ಎರಡು ಮೂರು ಬಿಡಿ, ಪೂರ್ತಿ ಬರಿದು ಮಾಡಿದರೆ ಜಾಗ ಬದಲಿಸುತ್ತವೆ.

ಮರಿ ಮಾಡಿಸಬೇಕೆ? ಕಾವಿಗೆ ಕೂತ ಜವಾರಿ ಕೋಳಿಯ ಕೆಳಗೆ ಹನ್ನೆರಡರಿಂದ ಹದಿನೈದು ಗಿನಿ ಮೊಟ್ಟೆ ಇಡಿ. ಅದರದೇ ಮೊಟ್ಟೆ ಜೊತೆಗೆ ಸೇರಿಸಬೇಡಿ: ಅವು 21 ದಿನಕ್ಕೆ ಒಡೆಯುತ್ತವೆ, ಗಿನಿ ಮೊಟ್ಟೆಗೆ 26ರಿಂದ 28 ದಿನ ಬೇಕು, ತನ್ನ ಮರಿ ಬಂದ ಕೂಡಲೇ ಕೋಳಿ ಎದ್ದುಬಿಡುತ್ತದೆ. ಹೀಗೆ ಹುಟ್ಟಿದ ಮರಿಗಳು ಸಾಕುತಾಯಿಯ ಬೆನ್ನು ಹತ್ತಿ ಸಂಜೆ ಗೂಡು ಸೇರುವುದನ್ನು ಬೇಗ ಕಲಿಯುತ್ತವೆ. ಆದರೂ ತಾಯಿಯ ಜೊತೆ ಮರಿಗಳನ್ನು ಇಬ್ಬನಿ ಇರುವ ಹುಲ್ಲಿಗೆ ಬಿಡಬೇಡಿ. ಬಿಸಿಲೇರಿ ಹುಲ್ಲು ಒಣಗಿದ ಮೇಲೆ ಬಾಗಿಲು ತೆರೆಯಿರಿ.