ಕ್ಷ-ಕಿರಣ ಚಿತ್ರವೂ ಅದರ ಮಾದರಿ ಕಡತವೂ

ತುಮಕೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿದರೆ ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳು ಒಂದರ ಮಗ್ಗುಲಲ್ಲೊಂದು ಇರುವುದನ್ನೂ, ಪಾವಗಡವು ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದು ದೂರ ನಿಂತಿರುವುದನ್ನೂ ಕಾಣಬಹುದು. ಮಳೆ ಕಡಮೆಯಾದ ಈ ಸೀಮೆಯ ಜನರು ಬಹುಕಾಲ ಕೊಳವೆ ಬಾವಿಯ ನೀರನ್ನೇ ನೆಚ್ಚಿದ್ದರು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಅಧಿಕವೆಂಬುದು ಪ್ರಸಿದ್ಧ ಸಂಗತಿ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಇದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆಗಳು ಅತಿಯಾಗಿ ಸಾಂದ್ರವಾಗುತ್ತವೆ. ಬೆನ್ನು ಬಗ್ಗಿಸುವುದೂ ಕಷ್ಟವಾಗುತ್ತದೆ. ಮುಂದೋಳಿನ ಎರಡು ಮೂಳೆಗಳ ನಡುವಣ ಪೊರೆ ಸುಣ್ಣಗಟ್ಟುವುದು ಈ ರೋಗದ ಒಂದು ಗುರುತು. ಕ್ಷ-ಕಿರಣ ಚಿತ್ರದಲ್ಲಿ ಅದು ಮೊದಮೊದಲು ಒಂದು ಮಸುಕಾದ ಬಿಳಿಯ ಗೆರೆಯಾಗಿ ತೋರುತ್ತದೆ.

ಪಾವಗಡದಲ್ಲಿ ಇಂತಹ ಒಂದು ಚಿತ್ರವನ್ನು ತೆಗೆದರೆಂದೂ, ಅದನ್ನು ನೋಡಿ ಅಭಿಪ್ರಾಯ ಹೇಳಬೇಕಾದ ತಜ್ಞರು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆಂದೂ ಭಾವಿಸೋಣ. ಹಿಂದೆ ರೋಗಿಯೇ ಫಿಲ್ಮನ್ನು ಲಕೋಟೆಯಲ್ಲಿಟ್ಟುಕೊಂಡು ಬಸ್ಸು ಹತ್ತಬೇಕಾಗಿತ್ತು. ಈಗ ಚಿತ್ರವು ಅಂಕಿಗಳ ರೂಪದಲ್ಲಿ ತಂತಿಯ ಮೂಲಕ ಕ್ಷಣಮಾತ್ರದಲ್ಲಿ ಹೋಗಬಲ್ಲದು. ಆದರೆ ಒಂದು ಪ್ರಶ್ನೆ ಏಳುತ್ತದೆ: ಒಂದು ಕಂಪನಿಯ ಯಂತ್ರವು ಬರೆದ ಚಿತ್ರವನ್ನು ಮತ್ತೊಂದು ಕಂಪನಿಯ ಯಂತ್ರವು ಇದ್ದದ್ದು ಇದ್ದ ಹಾಗೆಯೇ ಓದಬಲ್ಲದೆ?

ಈ ತೊಡಕನ್ನು ನಿವಾರಿಸಲು ಅಮೆರಿಕದ ವಿಕಿರಣ ವೈದ್ಯರ ಸಂಘವೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಕೂಡಿ ಒಂದು ಸಮಿತಿಯನ್ನು ರಚಿಸಿದುವು. ಅದರ ಮೊದಲ ನಿಯಮಾವಳಿ 1985ರಲ್ಲಿ ಹೊರಬಂದಿತು. 1993ರಲ್ಲಿ ಅದು ಪರಿಷ್ಕೃತವಾಗಿ 'ಡೈಕಾಮ್' ಎಂಬ ಹೆಸರನ್ನು ಪಡೆಯಿತು. ಭಾರತ ಸರ್ಕಾರವು 2013ರಲ್ಲಿ ಪ್ರಕಟಿಸಿ 2016ರಲ್ಲಿ ತಿದ್ದಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳಲ್ಲಿಯೂ ಚಿತ್ರಗಳಿಗೆ ಇದನ್ನೇ ಅಂಗೀಕರಿಸಿದೆ.

ಡೈಕಾಮ್ ಕಡತವೊಂದರ ರಚನೆಯನ್ನು ನೋಡೋಣ. ಮೊದಲ 128 ಬೈಟುಗಳು ಪೀಠಿಕೆಗಾಗಿ ಮೀಸಲು. ಅನಂತರ 'ಡಿ, ಐ, ಸಿ, ಎಮ್' ಎಂಬ ನಾಲ್ಕು ರೋಮನ್ ಅಕ್ಷರಗಳ ಮುದ್ರೆ. ಆಮೇಲೆ ಒಂದೊಂದು ವಿವರವೂ ತನ್ನದೇ ಅಂಕಿತದೊಡನೆ ಸಾಲಾಗಿ ಬರುತ್ತದೆ. ರೋಗಿಯ ಹೆಸರಿಗೆ 0010,0010 ಎಂಬುದು ಅಂಕಿತ. ಅಡ್ಡಸಾಲುಗಳ ಸಂಖ್ಯೆಗೆ 0028,0010. ಕಟ್ಟಕಡೆಗೆ ಚಿತ್ರದ ಬಿಂದುಗಳು. ಒಂದು ಚಿತ್ರದಲ್ಲಿ 2000 ಕಂಬಸಾಲು, 2500 ಅಡ್ಡಸಾಲು ಇದ್ದು, ಪ್ರತಿ ಬಿಂದುವಿಗೆ 2 ಬೈಟು ಬೇಕಾದರೆ, ಬಿಂದುಗಳಿಗೇ 1 ಕೋಟಿ ಬೈಟು ತಗಲುತ್ತದೆ.

ನಿಯಮ ಒಂದೇ ಇದ್ದ ಮೇಲೆ ತೊಂದರೆ ಎಲ್ಲಿಯದು? ನಿಯಮವು ಹಲವು ಆಯ್ಕೆಗಳಿಗೆ ಎಡೆಕೊಡುತ್ತದೆ. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರ ಯಂತ್ರವು ಅರಿಯದೆ ಇರಬಹುದು. ಕೆಲವು ಕಡತಗಳಲ್ಲಿ ಕನಿಷ್ಠ ಅಂಕಿ ಎಂದರೆ ಕಪ್ಪು. ಕೆಲವದರಲ್ಲಿ ಅದೇ ಬಿಳಿ. ಇದನ್ನು ತಿರುವುಮುರುವಾಗಿ ಓದಿದರೆ ವೈದ್ಯರು ಒಡನೆಯೇ ಗುರುತಿಸುತ್ತಾರೆ. ಆದರೆ ಸದ್ದಿಲ್ಲದೆ ಆಗುವ ತಪ್ಪು ಹೆಚ್ಚು ಅಪಾಯಕರ. 12 ಬಿಟ್ಟುಗಳ ಚಿತ್ರದಲ್ಲಿ ಬೂದುಬಣ್ಣದ 4096 ಮೆಟ್ಟಿಲುಗಳಿರುತ್ತವೆ. ನೋಡುವ ಯಂತ್ರವು ಅವನ್ನು 256ಕ್ಕೆ ಇಳಿಸುವಾಗ ತಪ್ಪು ವ್ಯಾಪ್ತಿಯನ್ನು ಆರಿಸಿದರೆ, ಮುಂದೋಳಿನ ಆ ಮಸುಕು ಗೆರೆ ಅಳಿಸಿಯೇ ಹೋಗಬಹುದು. ಚಿತ್ರ ಅಂದವಾಗಿಯೇ ಕಾಣುತ್ತದೆ. ರೋಗ ಮಾತ್ರ ಕಾಣುವುದಿಲ್ಲ.

ಹೆಸರಿನ ವಿಷಯವೂ ಹೀಗೆಯೇ. ಯೂನಿಕೋಡ್ ಅಕ್ಷರಗಳನ್ನು ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. 'ಮಧುಗಿರಿ' ಎಂಬ ಪದದಲ್ಲಿ ಮ, ಧ, ಗ, ರ ಎಂಬ ನಾಲ್ಕು ಅಕ್ಷರಗಳೂ ಮೂರು ಸ್ವರಚಿಹ್ನೆಗಳೂ ಸೇರಿ 7 ಸಂಕೇತಗಳು. ಅಂದರೆ 21 ಬೈಟು. ಯಾವ ಲಿಪಿ ಪದ್ಧತಿಯನ್ನು ಬಳಸಿದೆ ಎಂಬುದನ್ನು ಕಡತದಲ್ಲಿ ನಮೂದಿಸದಿದ್ದರೆ, ಪಡೆಯುವ ಯಂತ್ರವು ಹೆಸರಿಗೆ ಬದಲಾಗಿ ಅರ್ಥವಿಲ್ಲದ ಚಿಹ್ನೆಗಳನ್ನು ತೋರಿಸೀತು. ಅಲ್ಲದೆ ಡೈಕಾಮ್ ನಿಯಮವು ಮನೆತನದ ಹೆಸರನ್ನೂ ಸ್ವಂತ ಹೆಸರನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮಾತ್ರ ಮುಂದಿಟ್ಟುಕೊಳ್ಳುವ ನಮ್ಮ ಜನರ ಹೆಸರು ಒಂದು ಆಸ್ಪತ್ರೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ದಾಖಲಾದರೆ ಒಬ್ಬನೇ ರೋಗಿ ಇಬ್ಬರಾಗಿಬಿಡುತ್ತಾನೆ!

ಆದುದರಿಂದಲೇ ಯಂತ್ರಗಳ ಹೊಂದಾಣಿಕೆಯನ್ನು ಪರೀಕ್ಷಿಸುವ ಪದ್ಧತಿ ಹುಟ್ಟಿತು. 1998ರಲ್ಲಿ ಅಮೆರಿಕದಲ್ಲಿ 'ಐಎಚ್ಇ' ಎಂಬ ಯೋಜನೆ ಆರಂಭವಾಯಿತು. ಅದು ಏರ್ಪಡಿಸುವ 'ಕನೆಕ್ಟಥಾನ್' ಎಂಬ ಕೂಟದಲ್ಲಿ ಬೇರೆ ಬೇರೆ ಕಂಪನಿಗಳ ಇಂಜಿನಿಯರುಗಳು ತಮ್ಮ ಯಂತ್ರಗಳನ್ನು ಪರಸ್ಪರ ಜೋಡಿಸಿ ನೋಡುತ್ತಾರೆ. ಪಕ್ಷಪಾತವಿಲ್ಲದ ಪರೀಕ್ಷಕರು ಫಲಿತಾಂಶವನ್ನು ನಿರ್ಣಯಿಸುತ್ತಾರೆ. ಕೂಟದ ದಿನಗಳು ಕೆಲವೇ. ಹಾಗಾಗಿ ಅದಕ್ಕೆ ಮುಂಚೆಯೇ ಪ್ರತಿಯೊಬ್ಬರೂ ತಮ್ಮ ಯಂತ್ರವು ಬರೆಯುವ ಮಾದರಿ ಕಡತಗಳನ್ನು ಇತರರಿಗೆ ಕೊಡುತ್ತಾರೆ. ಪಡೆದವರು ಅವನ್ನು ತಮ್ಮಲ್ಲಿ ತೆರೆದು, ದೋಷಗಳನ್ನು ಮನೆಯಲ್ಲಿಯೇ ತಿದ್ದಿಕೊಳ್ಳುತ್ತಾರೆ.

ಸಂತೆಯ ತಕ್ಕಡಿಯನ್ನು ಸರ್ಕಾರದ ಮುದ್ರೆ ಬಿದ್ದ ತೂಕದ ಕಲ್ಲಿನಿಂದ ಪರೀಕ್ಷಿಸುವುದನ್ನು ವಾಚಕರು ಬಲ್ಲರು. ಮಾದರಿ ಕಡತವೂ ಅಂತಹುದೇ. ಕಲ್ಲಿನ ತೂಕ ಮೊದಲೇ ಗೊತ್ತಿರುವಂತೆ, ಕಡತದೊಡನೆ 'ಇದರಲ್ಲಿ ಇಂತಿಂತಹುದು ಕಾಣಬೇಕು' ಎಂಬ ವಿವರಪತ್ರವೂ ಇರಬೇಕು. ನಮ್ಮ ನಾಲ್ಕು ತಾಲ್ಲೂಕುಗಳಿಗೆಂದು ಮಾದರಿಗಳ ಕಟ್ಟೊಂದನ್ನು ಸಿದ್ಧಪಡಿಸುವುದಾದರೆ ಅದರಲ್ಲಿ ಏನಿರಬೇಕು? ಮಸುಕು ಗೆರೆಯುಳ್ಳ ಮುಂದೋಳಿನ ಚಿತ್ರ, ಕಪ್ಪು-ಬಿಳುಪು ತಿರುವಾದ ಚಿತ್ರ, ಬೈಟುಗಳನ್ನು ಅಡಕಗೊಳಿಸಿದ ಚಿತ್ರ, ಕನ್ನಡದಲ್ಲಿ ಹೆಸರಿರುವ ಚಿತ್ರ, ಒಂದೇ ಹೆಸರಿನ ವ್ಯಕ್ತಿಯ ಚಿತ್ರ: ಇವಿಷ್ಟಾದರೂ ಇರುವುದು ಅವಶ್ಯ. ಸುಲಭವಾಗಿ ತೆರೆಯುವ ಕಡತಗಳನ್ನೇ ಆರಿಸಿದರೆ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಮಾದರಿಯು ನಿಜವಾದ ರೋಗಿಯದಾದರೆ ಅವನ ಗುರುತು ಬಯಲಾಗಕೂಡದು. ಹೆಸರನ್ನು ಅಳಿಸಿದರಷ್ಟೇ ಸಾಲದು. ಹುಟ್ಟಿದ ದಿನ, ದಾಖಲೆ ಸಂಖ್ಯೆ, ಊರು ಇವೂ ಕಡತದಲ್ಲಿರಬಹುದು. ಕೆಲವೊಮ್ಮೆ ಹೆಸರು ಚಿತ್ರದ ಬಿಂದುಗಳಲ್ಲಿಯೇ ಅಚ್ಚಾಗಿರುತ್ತದೆ. ಸಣ್ಣ ಹಳ್ಳಿಯೊಂದರಲ್ಲಿ ವಯಸ್ಸು, ತಾರೀಖು ಎರಡೇ ತಿಳಿದರೂ ಇಂಥವರೆಂದು ನೆರೆಯವರು ಹೇಳಿಬಿಡುತ್ತಾರೆ. ಆದುದರಿಂದ ಇವೆಲ್ಲವನ್ನೂ ತೆಗೆದು ಕಲ್ಪಿತ ವಿವರಗಳನ್ನು ತುಂಬಬೇಕು. ಆದರೆ ಒಂದೇ ರೋಗಿಯ ಎರಡು ಚಿತ್ರಗಳಿಗೆ ಒಂದೇ ಕಲ್ಪಿತ ಸಂಖ್ಯೆಯನ್ನು ಕೊಡಬೇಕು. ಇಲ್ಲವಾದರೆ ಅವುಗಳ ಸಂಬಂಧವೇ ಕಡಿದುಹೋಗುತ್ತದೆ.

ದೂರದ ತಾಲ್ಲೂಕಿನಿಂದ ಹೊರಟ ಚಿತ್ರವು ತಜ್ಞರ ಕಣ್ಣಿಗೆ ತಲಪುವ ಮುನ್ನ ಎಷ್ಟು ಕೈಗಳನ್ನು ದಾಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಅವುಗಳಲ್ಲಿ ಯಾವುದೊಂದು ತಪ್ಪಿದರೂ ಅದರ ಫಲವನ್ನು ಅನುಭವಿಸುವವನು ರೋಗಿ. ಆ ತಪ್ಪನ್ನು ನಿಜವಾದ ರೋಗಿಯ ಚಿತ್ರದಲ್ಲಿ ಕಾಣುವುದಕ್ಕಿಂತ ಮಾದರಿ ಕಡತದಲ್ಲಿ ಮೊದಲೇ ಕಂಡುಕೊಳ್ಳುವುದು ಲೇಸು. 'ಪಾವಗಡ' ಎಂಬ ಪದವನ್ನು ಬರೆಯಲು ಎಷ್ಟು ಬೈಟುಗಳು ಬೇಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ.