ಕೆಂಚಿಯ ಸೇವೆಗೆ ಎಷ್ಟು ಖರ್ಚು?

ಸಾಕಿದ ನಾಯಿಯನ್ನು ಆಶ್ರಮ, ಶಾಲೆಗಳಿಗೆ ಕರೆದೊಯ್ದು ಅಲ್ಲಿಯವರಿಗೆ ನೆಮ್ಮದಿ ಕೊಡುವ ಥೆರಪಿ ಡಾಗ್ ಮಾಡಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಸರ್ಟಿಫಿಕೇಟಿಗೆ ಎಷ್ಟಾಗುತ್ತದೆ ಎಂದು. ನಮ್ಮ ದೇಶದಲ್ಲಿ ಇದಕ್ಕೆಂದೇ ಸರ್ಕಾರಿ ಪರೀಕ್ಷೆಯಿಲ್ಲ, ಪರವಾನಗಿಯಿಲ್ಲ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ತರಿಸುವ ಕಾಗದ, ಜಾಕೆಟ್ಟುಗಳಿಂದ ನಾಯಿ ಸಾಧುವಾಗುವುದಿಲ್ಲ. ಆ ಹಣ ಉಳಿಸಿ.

ವೃದ್ಧಾಶ್ರಮಕ್ಕೆ ಹೋಗಿಬರುವ ನಮ್ಮ ಕೆಂಚಿ ಬೀದಿಯಿಂದ ಬಂದ ನಾಡತಳಿ. ಗುರುತಿಲ್ಲದವರ ಮಡಿಲಲ್ಲೂ ತಲೆಯಿಟ್ಟು ಮಲಗುವವಳು. ಈ ಗುಣ ಯಾವ ಟ್ರೈನರ್ ಹತ್ತಿರವೂ ಕೊಳ್ಳಲು ಸಿಗದು. ಜನರನ್ನು ಕಂಡರೆ ಹೆದರುವ ನಾಯಿಯ ಮೇಲೆ ಸಾವಿರಗಟ್ಟಲೆ ಸುರಿಯುವುದು ಅದಕ್ಕೂ ಹಿಂಸೆ. ಕೆಂಚಿಗೆ ವರ್ಷ ತುಂಬಲಿ ಎಂದು ಕಾದು ಅಭ್ಯಾಸ ಶುರುಮಾಡಿದೆವು. ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಆರಂಭಿಸಿದ ‘ಕೆನೈನ್ ಗುಡ್ ಸಿಟಿಜನ್’ ಪರೀಕ್ಷೆಯ 10 ಅಂಶಗಳನ್ನು ಯಾರು ಬೇಕಾದರೂ ಓದಿಕೊಳ್ಳಬಹುದು: ಅಪರಿಚಿತರು ಮೈದಡವಿದಾಗ ಸುಮ್ಮನಿರುವುದು, ಜನಜಂಗುಳಿಯಲ್ಲಿ ನಡೆಯುವುದು, ಕರೆದಾಗ ಬರುವುದು, ಹೀಗೆ. ಅವನ್ನೆಲ್ಲ ಪಾರ್ಕಿನಲ್ಲೇ ಅಭ್ಯಾಸ ಮಾಡಿಸಿದೆವು. ಅಪ್ಪನ ವಾಕರ್ ಸದ್ದಿಗೆ ಮನೆಯಲ್ಲೇ ಒಗ್ಗಿದಳು. ಹಗ್ಗ ಜಗ್ಗುವ ಚಾಳಿ ಬಿಡಿಸಲು ಮಾತ್ರ ಒಂದು ತಿಂಗಳು ಟ್ರೈನರ್ ಇಟ್ಟುಕೊಂಡೆವು, 6,000 ರೂಪಾಯಿ.

ಕೈ ಬಿಗಿಹಿಡಿಯಬಾರದ್ದು ಆರೋಗ್ಯದ ವಿಷಯದಲ್ಲಿ. ವರ್ಷವರ್ಷವೂ ರೇಬೀಸ್ ಲಸಿಕೆ ಮತ್ತು ಉಳಿದ ಚುಚ್ಚುಮದ್ದುಗಳು, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಉಣ್ಣೆಗೆ ಔಷಧಿ. ವೃದ್ಧಾಶ್ರಮಕ್ಕೆ ಹೋಗುವ ಮುನ್ನ ಉಗುರು ಕತ್ತರಿಸಿ ಅರ ಹಾಕಲೇಬೇಕು. ವಯಸ್ಸಾದವರ ಚರ್ಮ ತೆಳು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಿನ್ನುವವರಿಗೆ ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲದು. ದುಬಾರಿ ಹಸಿಮಾಂಸದ ಆಹಾರವಂತೂ ಬೇಡವೇ ಬೇಡ. ಅದರಿಂದ ಸಾಲ್ಮೊನೆಲ್ಲಾ ಹರಡಬಹುದೆಂದು ಅಮೆರಿಕದ ‘ಪೆಟ್ ಪಾರ್ಟ್‌ನರ್ಸ್’ ಸಂಸ್ಥೆ ಅದನ್ನು ತಿನ್ನುವ ನಾಯಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಕೆಂಚಿಗೆ ಬೇಯಿಸಿದ ಕೋಳಿ, ಅನ್ನವೇ ಮೃಷ್ಟಾನ್ನ.

ಇನ್ನೊಂದು ಖರ್ಚು ವಿಮೆಯದು. ಪಾಲಿಸಿ ಕೊಳ್ಳುವಾಗ ನಾಯಿಯ ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದಷ್ಟೇ ನೋಡಬೇಡಿ. ನಾಯಿಯಿಂದ ಬೇರೆಯವರಿಗೆ ಗಾಯವಾದರೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ರಕ್ಷಣೆ ಇದೆಯೇ, ಆಶ್ರಮ, ಶಾಲೆಗಳಿಗೆ ಕರೆದೊಯ್ದಾಗಲೂ ಅದು ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಈ ಸೇವೆಯಿಂದ ಆದಾಯವಿಲ್ಲ. ದೇಣಿಗೆಗೆಂದು ಸಿಗುವ ಆದಾಯ ತೆರಿಗೆ ವಿನಾಯಿತಿಯೂ ಹಣದ ದೇಣಿಗೆಗೆ ಮಾತ್ರ. ನೀವು ಕೊಡುವ ಸಮಯಕ್ಕೂ ನಾಯಿಯ ಖರ್ಚಿಗೂ ಅದು ಸಿಗದು.

ಆದರೂ ನನ್ನ ತಿಂಗಳ ಬಜೆಟ್ಟಿನಲ್ಲಿ ಕೊನೆಯವರೆಗೂ ಕೈಬಿಡಲಾರದ ಖರ್ಚು ಕೆಂಚಿಯ ಈ ಸೇವೆಯದೇ. ಆಶ್ರಮದಲ್ಲಿ, ಮಕ್ಕಳೊಡನೆ ಮಾತು ನಿಲ್ಲಿಸಿದ್ದ ಅಜ್ಜಿಯೊಬ್ಬರು ಕೆಂಚಿಯೊಡನೆ ತಮ್ಮ ಊರಿನ ಸುದ್ದಿಯೆಲ್ಲ ಹೇಳುತ್ತಾರೆ.

ನಿಮ್ಮ ನಾಯಿಗೂ ಕೆಂಚಿಯಂಥ ಸ್ವಭಾವವಿದ್ದರೆ, ವರ್ಷದ ಲಸಿಕೆ ಮತ್ತು ವಿಮೆಯ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಎತ್ತಿಟ್ಟು, ಹತ್ತಿರದ ಆಶ್ರಮದವರನ್ನು ಕೇಳಿ ನೋಡಿ. ಶುರುಮಾಡಿದ ಮೇಲೆ ಮಾತ್ರ ತಪ್ಪದೆ ಹೋಗಿ, ಅಲ್ಲಿಯವರು ಕಾಯುತ್ತಿರುತ್ತಾರೆ.