ತಾಯಿಯ ಜೀನ್ ಮತ್ತು ಶಿಶುವಿನ ಜನನ ತೂಕ: ಪರೀಕ್ಷಾ ಟಿಪ್ಪಣಿ

ವ್ಯಾಖ್ಯೆಗಳು
1. ಕಡಿಮೆ ಜನನ ತೂಕ: 2,500 ಗ್ರಾಂಗಿಂತ ಕಡಿಮೆ. ಅತಿ ಕಡಿಮೆ: 1,500ಕ್ಕಿಂತ, ಅತ್ಯಂತ ಕಡಿಮೆ: 1,000ಕ್ಕಿಂತ ಕಡಿಮೆ.
2. ಅವಧಿಪೂರ್ವ ಜನನ: 37 ವಾರ ತುಂಬುವ ಮೊದಲು.

ಎರಡು ದಾರಿ
1. ನೇರ: ತಾಯಿಯ ಅರ್ಧ ಜೀನ್‌ಗಳು ಮಗುವಿಗೆ ಬಂದು ಬೆಳವಣಿಗೆಯನ್ನು ಪ್ರಭಾವಿಸುತ್ತವೆ.
2. ಪರೋಕ್ಷ: ಮಗುವಿಗೆ ಬಾರದ ಜೀನ್ ಕೂಡ ತಾಯಿಯ ರಕ್ತದ ಸಕ್ಕರೆ, ರಕ್ತದೊತ್ತಡದ ಮೂಲಕ ಗರ್ಭದ ಪರಿಸರವನ್ನು ಬದಲಿಸುತ್ತದೆ.
 - ಸಕ್ಕರೆ ಏರಿಸುವ ಜೀನ್: ತೂಕ ಹೆಚ್ಚು
 - ರಕ್ತದೊತ್ತಡ ಏರಿಸುವ ಜೀನ್: ತೂಕ ಕಡಿಮೆ

ಗ್ಲುಕೋಕೈನೇಸ್ ಜೀನ್ ದೋಷ ಮತ್ತು ಶಿಶುವಿನ ತೂಕ (1998ರ ಅಧ್ಯಯನ)
- ತಾಯಿಗೆ ಮಾತ್ರ: ಸುಮಾರು 600 ಗ್ರಾಂ ಹೆಚ್ಚು
- ಮಗುವಿಗೆ ಮಾತ್ರ: ಸುಮಾರು 500 ಗ್ರಾಂ ಕಡಿಮೆ
- ಇಬ್ಬರಿಗೂ: ಬಹುತೇಕ ಸಾಮಾನ್ಯ ತೂಕ

ಕರ್ನಾಟಕದ ನಂಟು
- ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ (ಮಿಷನ್) ಆಸ್ಪತ್ರೆ: 1934ರಿಂದಿನ ಜನನ ದಾಖಲೆಗಳು ಜನನ ತೂಕ ಮತ್ತು ಮುಂದಿನ ಆರೋಗ್ಯದ ಅಧ್ಯಯನಕ್ಕೆ ಆಧಾರ.


ಗೊಂದಲದ ಅಂಶಗಳು
- ಕಡಿಮೆ ತೂಕ ≠ ಅವಧಿಪೂರ್ವ ಜನನ. ತಿಂಗಳು ತುಂಬಿದ ಶಿಶುವೂ ಕಡಿಮೆ ತೂಕದ್ದಾಗಬಹುದು.
- ಮೈಟೋಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ. ಕೋಶಕೇಂದ್ರದ ಡಿಎನ್‌ಎ ತಂದೆ-ತಾಯಿ ಇಬ್ಬರಿಂದಲೂ.
- ಐಜಿಎಫ್-2 ಜೀನ್: ಭ್ರೂಣದಲ್ಲಿ ತಂದೆಯಿಂದ ಬಂದ ಪ್ರತಿ ಸಕ್ರಿಯ. ಎಚ್-19 ಜೀನ್: ತಾಯಿಯಿಂದ ಬಂದದ್ದು ಸಕ್ರಿಯ.
- ಜೀನ್ ಒಂದೇ ಕಾರಣವಲ್ಲ: ಪೌಷ್ಟಿಕತೆ, ರಕ್ತಹೀನತೆ, ತಂಬಾಕು, ಸೋಂಕು ಕೂಡ ಸೇರಿಸಿ.

ಮಾದರಿ ಪ್ರಶ್ನೆ
ಭದ್ರಾವತಿಯಲ್ಲಿ 38 ವಾರಕ್ಕೆ ಹುಟ್ಟಿದ ಶಿಶುವಿನ ತೂಕ ಸರಿಯಾಗಿ 2,500 ಗ್ರಾಂ. ಇದು ಕಡಿಮೆ ಜನನ ತೂಕವೇ?
ಉತ್ತರ: ಅಲ್ಲ, ಅವಧಿಪೂರ್ವವೂ ಅಲ್ಲ.